ಮೈಕ್ ಆಫ್ ಇದ್ದ ಎಂಟು ನಿಮಿಷ

ಉಪನ್ಯಾಸಕಿಯ ಮೈಕ್ ಎಂಟು ನಿಮಿಷ ಆಫ್ ಆಗಿತ್ತು. ಹಳದಿ ಕೊಡೆಯ ಕಳ್ಳಾಟ ಬಯಲಾದದ್ದು ಆ ಎಂಟು ನಿಮಿಷದಲ್ಲೇ.

ಸೋಮವಾರ ಬೆಳಿಗ್ಗೆಯ ಸಂಖ್ಯಾಶಾಸ್ತ್ರ ತರಗತಿ. "ಎಲ್ಲರಿಗೂ ಕೇಳಿಸ್ತಿದೆಯಾ?" ಎಂದು ಅಭ್ಯಾಸಬಲದಿಂದ ಕೇಳಿ, ಉತ್ತರಕ್ಕೆ ಕಾಯದೆ ಆಕೆ ಪಾಠ ಶುರು ಮಾಡಿದ್ದಳು. ಎಂಟು ನಿಮಿಷದ ಮೇಲೆ ಚಾಟ್ ನೋಡಿದರೆ "ಕೇಳಿಸ್ತಿಲ್ಲ ಮೇಡಂ", "ಮೇಡಂ ಮೈಕ್", "ಇವತ್ತು ಮೂಕಿ ಸಿನಿಮಾನಾ ಮೇಡಂ?" ಎಂಬ ಸಾಲುಗಳ ರಾಶಿ. ಎಲ್ಲಕ್ಕಿಂತ ಮೊದಲು ಬಂದ ಒಂದು ಸಾಲು ಮಾತ್ರ ಬೇರೆ: "ಕೇಳಿಸ್ತಿದೆ ಮೇಡಂ."

ಕಳಿಸಿದ್ದು ಹಳದಿ ಕೊಡೆ.

ಐವತ್ತೆರಡು ವಿದ್ಯಾರ್ಥಿಗಳಲ್ಲಿ ಆಕೆ ಒಬ್ಬರ ಮುಖವನ್ನೂ ಕಂಡವಳಲ್ಲ. ಎಲ್ಲರ ಕ್ಯಾಮೆರಾ ಆಫ್. ಪರದೆಯ ಮೇಲೆ ಕಪ್ಪು ಚೌಕಗಳು, ಕೆಲವಕ್ಕೆ ಪುಟ್ಟ ಚಿತ್ರ; ಆ ಸಾಲು ಕಳಿಸಿದ ಹುಡುಗಿ ಹಾಕಿಕೊಂಡಿದ್ದು ಹಳದಿ ಕೊಡೆಯ ಚಿತ್ರ. ಒಬ್ಬ ಬಸ್ಸಿನಿಂದ ಸೇರುತ್ತಾನೆ, ಕಂಡಕ್ಟರನ ಸೀಟಿ ಕೇಳಿಸುತ್ತದೆ. ಒಬ್ಬಳು ಮೈಕ್ ಹಾಕಿದರೆ ತೊಡೆಯ ಮೇಲಿನ ಮಗುವಿನ ಅಳು ಕೇಳಿಸುತ್ತದೆ. ಇನ್ನೊಬ್ಬ ಮೈಕ್ ಆರಿಸಲು ಮರೆತು, ಅಮ್ಮನ ಬೈಗುಳವನ್ನು ಇಡೀ ತರಗತಿಗೆ ಹಂಚಿದ್ದ. ಲಾಗಿನ್ ಆಗಿ ಮಲಗುವವರೇ ಹೆಚ್ಚು. ಅರ್ಜಿಯಲ್ಲಿ ಹೆಸರು, ಅಂಕಪಟ್ಟಿ ಬಿಟ್ಟು ಬೇರೇನನ್ನೂ ಕೇಳುವುದಿಲ್ಲವಾದ್ದರಿಂದ ಅವರ ಬಗ್ಗೆ ಆಕೆಗೆ ಗೊತ್ತಿದ್ದುದೂ ಅಷ್ಟೇ.

ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅದೂ ಇಲ್ಲ. ಗೋಡೆಗೆ ಹೇಳಿದಂತೆ ಹೇಳಿ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ, ವಾಷಿಂಗ್ ಮಷೀನಿಗೆ ಬಟ್ಟೆ ಹಾಕುತ್ತಾಳೆ.

"ಯಾರ ಹತ್ರ ಅಷ್ಟೊತ್ತು ಮಾತಾಡ್ತಿದ್ದೆ?" ಎಂದು ಗಂಡ ಒಮ್ಮೆ ಕೇಳಿದ್ದ.

"ಯಾರ ಹತ್ರನೂ ಅಲ್ಲ. ಪಾಠ."

ಹಳದಿ ಕೊಡೆ ಮಾತ್ರ ಒಂದೂ ತರಗತಿ ತಪ್ಪಿಸಿರಲಿಲ್ಲ. ಬಾಯಿ ಬಿಟ್ಟದ್ದೂ ಇಲ್ಲ, ಏನಿದ್ದರೂ ಚಾಟ್. ಆಕೆಗೆ ನೆಗಡಿಯಾಗಿ ಕ್ಯಾಮೆರಾ ಆರಿಸಿ ಪಾಠ ಮಾಡಿದ ವಾರ ಆ ಚಾಟ್‌ಗೂ ಜೀವ ಇರಲಿಲ್ಲ. ಮುಂದಿನ ವಾರ ಒಂದು ಸಂದೇಶ: "ಮೇಡಂ, ಕಿಟಕಿ ನಿಮ್ಮ ಹಿಂದೆ ಇದೆ. ಮುಖ ಕಪ್ಪಾಗಿ ಕಾಣುತ್ತೆ. ಲೈಟ್ ಸ್ವಲ್ಪ ಮುಂದೆ ಇಟ್ಕೊಳ್ತೀರಾ?" ಪಾಠ ಬಿಟ್ಟು ನನ್ನ ಮುಖದ ಬಣ್ಣ ನೋಡ್ತಾಳಲ್ಲ ಎಂದುಕೊಂಡು ಆಕೆ ಉತ್ತರಿಸಿರಲಿಲ್ಲ.

ಎಂಟು ನಿಮಿಷದ ವಿಷಯ ಕೇಳಿ ಕೋರ್ಸಿನ ಸಂಯೋಜಕರು ಫೋನಿನಲ್ಲೇ ನಕ್ಕರು. "ಪ್ರೋಗ್ರಾಂ ಹಾಕಿಟ್ಟಿದ್ದಾಳೆ ಮೇಡಂ. ನೀವು ಸ್ಕ್ರೀನ್ ಮೇಲೆ ಬಂದ ಕೂಡಲೇ 'ಕೇಳಿಸ್ತಿದೆ' ಅಂತ ತಾನೇ ಹೋಗುತ್ತೆ. ಹುಡುಗಿ ಎಲ್ಲೋ ಸುತ್ತಾಡ್ಕೊಂಡಿರ್ತಾಳೆ. ದೂರು ಬರೆದುಕೊಡಿ, ಹೆಸರು ತೆಗೆದುಹಾಕೋಣ."

"ಕೊನೇ ವರ್ಷ ಸರ್ ಅವಳದ್ದು."

"ಅದಕ್ಕೇ ಇಷ್ಟು ಧೈರ್ಯ."

ಆಕೆ ಬರೆದುಕೊಟ್ಟಳು. ಬರೆಯುವಾಗ ಕನಿಕರ ಇರಲಿಲ್ಲ, ಖುಷಿಯೂ ಇರಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ಆನ್‌ಲೈನ್ ವಿಚಾರಣೆ. ಹಾಜರಾಗು, ಕ್ಯಾಮೆರಾ ಆನ್ ಇರಲಿ ಎಂದಷ್ಟೇ ಹುಡುಗಿಗೆ ತಿಳಿಸಿದ್ದರು, ಕಾರಣ ಬರೆದಿರಲಿಲ್ಲ. ಸಂಯೋಜಕರ ಕ್ಯಾಮೆರಾ ಎಂದಿನಂತೆ ಆಫ್.

ಹುಡುಗಿಗೆ ಇಪ್ಪತ್ತು ಇಪ್ಪತ್ತೊಂದು ಇರಬಹುದು. ಬಿಗಿಯಾಗಿ ಬಾಚಿದ ತಲೆ. ಹಿಂದೆ ಗೋಡೆಗೆ ಒರಗಿಸಿದ ಇಸ್ತ್ರಿ ಹಲಗೆ.

"ಏನಮ್ಮಾ, ಮೈಕ್ ಆಫ್ ಇದ್ದಾಗ ನಿನಗೊಬ್ಬಳಿಗೇ ಹೇಗೆ ಕೇಳಿಸ್ತು?" ಎಂದರು ಸಂಯೋಜಕರು.

ಹುಡುಗಿ ಪರದೆಯ ಹತ್ತಿರಕ್ಕೆ ಸರಿದಳು.

"ನಿನ್ನನ್ನೇ ಕೇಳ್ತಿರೋದು. ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀಯಾ?"

ಅವಳು ಮಿಸುಕಲಿಲ್ಲ. ಕಣ್ಣು ಪರದೆಯ ಒಂದೇ ಜಾಗದಲ್ಲಿ ನೆಟ್ಟಿತ್ತು.

"ನೋಡಿ ಮೇಡಂ, ಎದುರಿಗೆ ಯಾರೋ ಚೀಟಿ ಹಿಡಿದಿದ್ದಾರೆ. ಅದನ್ನೇ ಓದ್ತಿದ್ದಾಳೆ. ಸಾಕಲ್ವಾ, ಮುಗಿಸೋಣ?"

ಕಡತಕ್ಕೆ ಸೇರಿಸಲೆಂದು ಆಕೆ ಹುಡುಗಿಯ ಬುಧವಾರದ ಕಿರುಪರೀಕ್ಷೆಯ ಉತ್ತರಪತ್ರಿಕೆ ತೆರೆದಳು. ಅದೊಂದನ್ನು ಇನ್ನೂ ಓದಿರಲಿಲ್ಲ. ಮಾದರಿ ಆಯ್ಕೆಯಲ್ಲಿ ಪಕ್ಷಪಾತ ಎಂದರೇನು, ಉದಾಹರಣೆ ಕೊಡಿ ಎಂಬುದು ಪ್ರಶ್ನೆ. ಉಳಿದ ಐವತ್ತೊಂದು ಜನ ಪುಸ್ತಕದಲ್ಲಿದ್ದ ಚುನಾವಣಾ ಸಮೀಕ್ಷೆಯನ್ನೇ ಇಳಿಸಿದ್ದರು. ಹುಡುಗಿ ಬರೆದಿದ್ದಳು: "ಮೇಡಂ ಅವರ ತಂದೆ ದರ್ಜಿ. ಅಂಗಿಯ ಗುಂಡಿಗಳನ್ನು ಕೊಳ್ಳುವಾಗ ಅವರು ಡಬ್ಬಿಯ ಮೇಲಿನವನ್ನು ನೋಡುತ್ತಿರಲಿಲ್ಲ. ಕೈಯನ್ನು ತಳದವರೆಗೆ ಇಳಿಸಿ ಒಂದು ಹಿಡಿ ತೆಗೆಯುತ್ತಿದ್ದರು. ಒಳ್ಳೆಯವನ್ನು ಅಂಗಡಿಯವನು ಮೇಲೆ ಹಾಕಿರುತ್ತಾನೆ."

ಆಕೆ ಎರಡು ಸಲ ಓದಿದಳು.

ಅಪ್ಪನ ಗುಂಡಿ ಡಬ್ಬಿಯ ವಿಷಯವನ್ನು ಆಕೆ ತರಗತಿಯಲ್ಲಿ ಹೇಳಿದ್ದು ಒಂದೇ ಸಲ. ಸೋಮವಾರ, ಮೈಕ್ ಆಫ್ ಇದ್ದ ಎಂಟು ನಿಮಿಷದಲ್ಲಿ. ಮೈಕ್ ಹಾಕಿದ ಮೇಲೆ, ಹೊತ್ತಾಯಿತೆಂದು ಪುಸ್ತಕದ ಉದಾಹರಣೆ ಓದಿ ಕೈತೊಳೆದುಕೊಂಡಿದ್ದಳು. ರೆಕಾರ್ಡಿಂಗ್‌ನಲ್ಲೂ ಆ ಭಾಗಕ್ಕೆ ಸದ್ದಿಲ್ಲ.

"ಮೇಡಂ? ಹೆಸರು ತೆಗೆಯೋದು ತಾನೆ?"

ಆಕೆ ಬೇಕೆಂದೇ ತನ್ನ ಮೈಕ್ ಆರಿಸಿದಳು. ಪರದೆಯ ಹತ್ತಿರ ಬಾಗಿ, ನಿಧಾನವಾಗಿ ಒಂದು ಪ್ರಶ್ನೆ ಕೇಳಿದಳು.

"ಮೇಡಂ, ನಿಮ್ಮ ಮೈಕ್ ಆಫ್ ಇದೆ," ಎಂದರು ಸಂಯೋಜಕರು. "ಏನೂ ಕೇಳಿಸ್ತಿಲ್ಲ."

ಹುಡುಗಿ ತಲೆ ತಗ್ಗಿಸಿ ಟೈಪ್ ಮಾಡತೊಡಗಿದಳು. ಚಾಟ್‌ನಲ್ಲಿ ಒಂದು ಸಾಲು ಬಂತು:

"ಹೌದು ಮೇಡಂ, ಹುಟ್ಟಿದಾಗಿನಿಂದಲೂ ಕಿವಿ ಕೇಳಿಸೋದಿಲ್ಲ. ಲೈಟ್ ಸ್ವಲ್ಪ ಮುಂದೆ ಇಟ್ಕೊಳ್ತೀರಾ?"