ಸಣ್ಣ ರೊಟ್ಟಿ

ಲೈಸೆನ್ಸ್ ಪರೀಕ್ಷೆಯ ಕೋಣೆಯಲ್ಲಿ ನೀಲಾಂಬಿಕಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ರೋಗಿಗಳಿಗೆ ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿ ಓದುವವರಿಗೆ ಮೊದಲ ಪಾಠವೇ ಅದು: ಪಾಪ ಎಂದು ರೋಗಿಯ ಕೆಲಸಕ್ಕೆ ಕೈ ಹಾಕಿದವರು ಫೇಲು.

ಎದುರಿಗೆ ಲಕ್ವ ಹೊಡೆದಿದ್ದ ಶಾಂತವೀರಮ್ಮ ಜೋಳದ ರೊಟ್ಟಿ ತಟ್ಟಿ ಹೆಂಚಿಗೆ ಹಾಕುತ್ತಿದ್ದರು. ಬಲಗೈಗೆ ಕೈಬ್ಯಾಂಕಿನ ತೆಳು ಗವಸು. ತೀರಿಕೊಂಡ ಯಾರದೋ ಕೈಯ ರೂಢಿ ಅದರೊಳಗಿತ್ತು. ಯಾರದೆಂದು ಬ್ಯಾಂಕಿನವರು ಹೇಳುವಂತಿಲ್ಲ. ರೂಢಿ ರೋಗಿಯ ಕೈಗೆ ಇಳಿದ ಮೇಲೆ ಕಳಚಿದರೆ ಗವಸು ಖಾಲಿ, ಆ ರೂಢಿ ಮತ್ತೆ ಅದರಲ್ಲಿ ಸಿಗದು.

ಮೂರು ದೊಡ್ಡ ರೊಟ್ಟಿಗಳಾದವು. ಉಳಿದ ಚೂರು ಹಿಟ್ಟನ್ನು ಬೆರಳುಗಳು ಬಳಿದು, ಅಂಗೈಯಗಲದ ರೊಟ್ಟಿಯೊಂದನ್ನು ತಟ್ಟಿ, ಬೆಣ್ಣೆ ನಿಲ್ಲಲೆಂದು ನಡುವೆ ಕಿರುಬೆರಳಿನಿಂದ ಗುಳಿ ಒತ್ತಿದವು.

ಹಾಗೆ ಒತ್ತುತ್ತಿದ್ದವಳು ನೀಲಾಂಬಿಕಾಳ ಅವ್ವ ಒಬ್ಬಳೇ, ಸಣ್ಣವಳಿದ್ದ ಮಗಳಿಗೆಂದು. ಅವಳು ತೀರಿಹೋಗಿ ಎರಡು ವರ್ಷವಾಗಿತ್ತು. ಕೈಬ್ಯಾಂಕಿನ ಕಾಗದಕ್ಕೆ ತಾನೇ ಸಹಿ ಮಾಡಿ ಹೋಗಿದ್ದಳು.

"ಗವಸು ಯಾವಾಗ ತೆಗೀಬೇಕು, ನೀವ ಹೇಳಬೇಕು," ಎಂದರು ಪರೀಕ್ಷಕರು.

ಶಾಂತವೀರಮ್ಮ ಮತ್ತಷ್ಟು ಹಿಟ್ಟು ನಾದಿಕೊಂಡರು. ಇನ್ನೊಂದು ರೊಟ್ಟಿ ಆಗಲಿ ಎಂದುಕೊಂಡಳು ನೀಲಾಂಬಿಕಾ. ಅದೂ ಆಯಿತು. ಮತ್ತೊಂದೂ ಆಯಿತು. ಬೆನ್ನ ಹಿಂದೆ ಅವಳ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು.

"ತೆಗೀರಿ," ಎಂದಳು ಕೊನೆಗೆ.

ಶಾಂತವೀರಮ್ಮ ಬರಿಗೈಯಲ್ಲಿ ನಡುಗುತ್ತ ತಟ್ಟಿದರು. ದೊಡ್ಡದೊಂದು. ಆಮೇಲೆ ಸಣ್ಣದೊಂದು, ನಡುವೆ ಗುಳಿ. ಬೆಂದ ಮೇಲೆ ಅದನ್ನು ಕೈಯಲ್ಲಿ ಹಿಡಿದು ನೋಡಿದರು.

"ನಮ್ಮ ಮನ್ಯಾಗ ಸಣ್ಣ ಹುಡುಗ್ರು ಯಾರೂ ಇಲ್ಲವ್ವ. ಇದನ್ನ ಯಾರಿಗಂತ ಮಾಡಿದ್ನೋ ಏನೋ."

ಪರೀಕ್ಷಕರು ಪಾಸೆಂದು ಬರೆದು ಸಹಿ ಹಾಕಿದರು. ನೀಲಾಂಬಿಕಾ ಕಟ್ಟಿದ್ದ ಕೈ ಬಿಚ್ಚಿ ಮುಂದೆ ಚಾಚಿದಳು.

"ನನಗ ಕೊಡ್ರಿ."