ಮೂರನೆಯ ಆಂಟೆನಾ

“ತಕರಾರು ಮಾಡ್ತಿದ್ದ ಆ ಮೂರನೇ ಆಂಟೆನಾನ ಕೀಳಿಸಿದೀನಿ ಕಣಮ್ಮ. ಅಲಾರಾಂ ಬಾಯಿ ಮುಚ್ತು,” ಎನ್ನುತ್ತಾ ಮುಖ್ಯ ಎಂಜಿನಿಯರ್ ಸುರಕ್ಷತಾ ವರದಿಯನ್ನು ಕಿರಿಯ ಎಂಜಿನಿಯರ್ ಮುಂದೆ ತಳ್ಳಿದರು.

ಉಪಗ್ರಹದ ಸಂಕೇತ ಎಷ್ಟು ತಪ್ಪಿದೆಯೆಂದು ರನ್‌ವೇ ಪಕ್ಕದ ಮೂರು ಆಂಟೆನಾಗಳು ಅಳೆದರೆ, ಇಳಿಯುವ ವಿಮಾನ ಅದನ್ನು ನಂಬಿ ದಾರಿ ತಿದ್ದಿಕೊಳ್ಳುತ್ತಿತ್ತು. ಆದರೆ ಅವುಗಳಲ್ಲಿ ಎರಡರ ಹಿಂದೆಯೇ ಹೊಸ ತಗಡಿನ ಶೆಡ್ ಎದ್ದಿತ್ತು. ಸಂಕೇತ ತಗಡಿಗೆ ಬಡಿದು ಬಂದು ಎರಡರ ಅಳತೆಯನ್ನೂ ಒಂದೇ ರೀತಿ ಕೆಡಿಸುತ್ತಿತ್ತು; ಮೂರನೆಯದರ ಅಳತೆ ಅವಕ್ಕೆ ಹೊಂದದೆ ಅಲಾರಾಂ ಕೂಗುತ್ತಿತ್ತು.

“ಸರ್, ಸರಿಯಾಗಿದ್ದದ್ದು ಅದೊಂದೇ. ಕೀಳಿಸಬೇಕಾದ್ದು ಶೆಡ್ಡು.”

“ದೊಡ್ಡ ಸಾಹೇಬ್ರೇ ರಿಬ್ಬನ್ ಕತ್ತರಿಸಿದ ಶೆಡ್ಡು ಅದು. ಎರಡು ಒಂದೇ ಮಾತು ಹೇಳ್ತಿರೋವಾಗ ಒಂದರ ಮಾತು ಯಾಕೆ ಕೇಳ್ಬೇಕು?”

ಅವಳು ಪೆನ್ನಿನ ಮುಚ್ಚಳ ಹಾಕಿದಳು. “ನಾನಂತೂ ಸಹಿ ಹಾಕಲ್ಲ.”

“ಹಾಕು ಅಂತ ಯಾರಮ್ಮ ಕೇಳಿದ್ರು?”

ಅವಳು ಕೊನೆಯ ಹಾಳೆ ತಿರುಗಿಸಿದಳು. ಯಾವಾಗಲೂ ಮೂರು ಸಹಿಗೆ ಇರುತ್ತಿದ್ದ ಜಾಗದಲ್ಲಿ ಎರಡೇ ಗೆರೆಗಳಿದ್ದವು. ಎರಡರ ಮೇಲೂ ಸಹಿ ಬಿದ್ದಾಗಿತ್ತು.