ಮುಚ್ಚಳದ ಕಾರ್ಖಾನೆಯಲ್ಲಿ ದುಭಾಷಿ

“ಕಿವಿಗೆ ಸಿಗಿಸಿಕೊಳ್ಳಿ ಸರ್,” ಎಂದು ತೆಲುಗಿನಲ್ಲಿ ಹೇಳುತ್ತ ಗುರುಬಸವ ಯಂತ್ರವನ್ನು ಮುಂದೆ ಚಾಚಿದ. ಅವನ ಐದನೆಯ ಕಂಪನಿಯ ಹಣೆಬರಹ ನಾಚಾರಂನ ಒಬ್ಬ ಕಾರ್ಖಾನೆ ಮಾಲೀಕರ ಅಂಗೈಯಲ್ಲಿತ್ತು.

ಹಿಂದಿನ ನಾಲ್ಕು ಕಂಪನಿಗಳ ಕಥೆ ಕೇಳಿ ಯಾರೂ ನಗಬಾರದು. ಮೊದಲನೆಯದು ಗುಡಿಯ ಮುಂದೆ ಕಳೆದ ಚಪ್ಪಲಿ ಹುಡುಕಿಕೊಡುವ ಆ್ಯಪ್. ಉದ್ಘಾಟನೆಯ ದಿನ ಅವನದೇ ಚಪ್ಪಲಿ ಹೋಯಿತು, ಇವತ್ತಿಗೂ ಸಿಕ್ಕಿಲ್ಲ. ಎರಡನೆಯದು ಕುಕ್ಕರಿನ ಸೀಟಿ ಎಣಿಸುವ ಯಂತ್ರ. ಅದು ಪಕ್ಕದ ಮನೆಯ ಸೀಟಿಯನ್ನೂ ಸೇರಿಸಿ ಎಣಿಸಿತು. ಬೇಳೆ ಬೇಯಲೇ ಇಲ್ಲ. ಉಳಿದೆರಡರ ಹೆಸರನ್ನು ಅವನ ಹೆಂಡತಿ ಸುಮಂಗಲಾಳ ಎದುರು ಯಾರೂ ಎತ್ತುವುದಿಲ್ಲ.

ಐದನೆಯದು ದುಭಾಷಿ. ಕಿವಿಗೆ ಸಿಗಿಸಿಕೊಂಡರೆ ಸಾಕು, ಎದುರಿನವರ ಕನ್ನಡ ತೆಲುಗಾಗಿ, ತೆಲುಗು ಕನ್ನಡವಾಗಿ ಕೇಳಿಸುತ್ತದೆ, ತೊಟ್ಟವರಿಗೆ ಮಾತ್ರ. ರಾಯಚೂರು, ಯಾದಗಿರಿಯಿಂದ ಬಂದವರು ಇಷ್ಟು ಮಂದಿ ದುಡಿಯುವ ಈ ತೆಲುಗು ಊರಿನಲ್ಲಿ ಇದಕ್ಕೆ ಗಿರಾಕಿ ಸಿಗದೆ ಇರುತ್ತಾರೆಯೇ? ಸಿಕ್ಕಿರಲಿಲ್ಲ. ಹೋದ ವಾರ ಕುಷಾಯಿಗೂಡದ ತನ್ನ ಮನೆಯಲ್ಲಿ ಪರೀಕ್ಷೆಗೆಂದು ಹಾಲಿನವನ ಕಿವಿಗೆ ಅದನ್ನು ಹಾಕಿದ್ದ. ‘ನಾಳೆ ಅರ್ಧ ಲೀಟರ್ ಸಾಕು’ ಎಂದದ್ದಕ್ಕೆ ಯಂತ್ರ ನಾಲ್ಕು ಸೆಕೆಂಡು ಯೋಚಿಸಿ ‘ನಾಳೆ ಎಮ್ಮೆಯನ್ನೇ ತಾ’ ಎಂದಿತ್ತು. ಪಾಪ, ಅವನು ಎಮ್ಮೆಯನ್ನು ಹೊಡೆದುಕೊಂಡೂ ಬಂದ.

ಅವತ್ತೇ ಸುಮಂಗಲಾ ಗಡುವು ಕೊಟ್ಟಳು. “ಇದೂ ಮುಳುಗಿದ್ರ ನೀವು ಶಂಶಾಬಾದಿಗೆ ಹೋಗೋದರೀ. ಏರ್‌ಪೋರ್ಟಿನ ಕಂಪ್ಯೂಟರ್ ಕೆಲಸ ನಮ್ಮಣ್ಣ ನಿಮಗಂತ ಹಿಡ್ಕೊಂಡು ಕುಂತಾನ. ಶುಕ್ರವಾರ ಐದರೊಳಗ ಹೂಂ ಅನ್ರಿ, ಇಲ್ಲಾ ಉಹೂಂ ಅನ್ರಿ.”

ಇವತ್ತು ಶುಕ್ರವಾರ. ಗಂಟೆ ನಾಲ್ಕು.

ಕಾರ್ಖಾನೆಯಲ್ಲಿ ಉಪ್ಪಿನಕಾಯಿ ಬಾಟಲಿಗಳ ಮುಚ್ಚಳ ತಯಾರಾಗುತ್ತಿತ್ತು. ಮಾಲೀಕ ಸಾಯಿಕುಮಾರರಿಗೆ ಕನ್ನಡದ ಒಂದಕ್ಷರ ಬರುವುದಿಲ್ಲ, ಮುಚ್ಚಳ ಪ್ಯಾಕ್ ಮಾಡುವ ರಾಯಚೂರು ಕಡೆಯ ಹುಸೇನಮ್ಮನಿಗೆ ತೆಲುಗಿನ ಒಂದಕ್ಷರ ಬರುವುದಿಲ್ಲ ಎಂದು ಕಾರ್ಖಾನೆಗೆಲ್ಲ ಗೊತ್ತು. ಅವಳು ಫ್ಯಾನು ಕೇಳಿದಾಗಲೆಲ್ಲ ಅವರು “ಅರ್ಥಂ ಕಾಲೇದಮ್ಮಾ” ಎಂದು, ತಿಳಿಯಲಿಲ್ಲವೆಂಬಂತೆ ಕೈಯಾಡಿಸುತ್ತಿದ್ದರು. ಅವರು ಭಾನುವಾರ ಕೆಲಸಕ್ಕೆ ಕರೆದಾಗಲೆಲ್ಲ ಅವಳು “ತಿಳೀವಲ್ದರೀ” ಎಂದು ಸೆರಗು ಕೊಡವಿ ಹೋಗುತ್ತಿದ್ದಳು. ವರ್ಷಗಟ್ಟಲೆ ಹೀಗೆಯೇ ನಡೆದಿತ್ತು. ದುಭಾಷಿಗೆ ಇದಕ್ಕಿಂತ ಒಳ್ಳೆಯ ಜೋಡಿ ಬೇಕೇ?

ಕಂಪನಿಯ ಏಕೈಕ ಇಂಜಿನಿಯರ್ ಚಿನ್ಮಯಿ ಇನ್ನೊಂದು ಯಂತ್ರವನ್ನು ಹುಸೇನಮ್ಮನ ಕಿವಿಗೆ ಸಿಗಿಸುತ್ತಿದ್ದಳು. ಖರ್ಚು ಉಳಿಸಲು ಗುರುಬಸವ ಅದು ಚಾಲೂ ಆದದ್ದನ್ನು ತೋರಿಸುವ ಹಸಿರು ದೀಪವನ್ನು ತೆಗೆಸಿದ್ದರಿಂದ ಅದು ಬರೀ ಕಪ್ಪು ಗುಂಡಿಯ ಹಾಗೆ ಕಾಣುತ್ತಿತ್ತು.

“ಸಾಹುಕಾರನ ಹೊಟ್ಟಿ ನೋಡವ್ವಾ,” ಹುಸೇನಮ್ಮ ಚಿನ್ಮಯಿಗೆ ಹೇಳಿದಳು. “ಮುಚ್ಚಳಾ ಕುಂದರದ ಡಬ್ಬಿ ಆಗೈತಿ.”

ಯಂತ್ರವನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದ ಸಾಯಿಕುಮಾರರು ಉಸಿರೆಳೆದು ನೆಟ್ಟಗೆ ಕೂತರು. ಆಮೇಲೆ ಅದನ್ನು ಕಿವಿಗೆ ಸಿಗಿಸಿಕೊಂಡು, ಮಾತಾಡು ಎಂಬಂತೆ ಅವಳತ್ತ ಗದ್ದ ಎತ್ತಿದರು.

“ಫ್ಯಾನ್ ಹಾಕಸ್ರೀ ಸಾಹುಕಾರ್ರ. ಬೆವತು ಬೆವತು ಮುಚ್ಚಳಾ ಕೈಯಾಗಿಂದ ಜಾರಾಕತ್ತಾವ. ಹನ್ನೊಂದು ವರ್ಷ ಆತು, ಕೇಳಿ ಕೇಳಿ—”

ಮಾತು ಮುಗಿಯುವ ಮೊದಲೇ ಸಾಯಿಕುಮಾರರು ತೆಲುಗಿನಲ್ಲಿ ಶುರುಮಾಡಿದರು. ಹನ್ನೊಂದಲ್ಲ, ಹತ್ತೂವರೆ. ಫ್ಯಾನು ಹಾಕಿಸೋಣ. ಆದರೆ ನನ್ನ ಹೊಟ್ಟೆಗೆ ಡಬ್ಬಿ ಅನ್ನುವುದು, ನನ್ನ ಮಗನಿಗೆ ಒಣಮೆಣಸಿನಕಾಯಿ ಅನ್ನುವುದು ಇವತ್ತಿಗೇ ನಿಲ್ಲಬೇಕು.

ಹುಸೇನಮ್ಮ ಕಣ್ಣು ಕೂಡ ಮಿಟುಕಿಸಲಿಲ್ಲ. “ಮತ್ತ ನೀವು ಸೂಪರ್‌ವೈಜರ್ ಮುಂದ ನನಗ ಗೂಬಿ ಅಂತೀರಲ್ರೀ, ಅದು?”

ಸಾಯಿಕುಮಾರರ ಮುಖ ಕೆಂಪಾಯಿತು. ಅದೂ ನಿಲ್ಲುತ್ತದೆ ಎಂದರು. ಆದರೆ ತಿಂಗಳಿಗೆ ಎರಡು ಭಾನುವಾರ ಕೆಲಸಕ್ಕೆ ಬರಬೇಕು.

“ಒಂದ್ ಐತ್ವಾರ.”

ಒಂದೂವರೆ ಎಂದರು ಅವರು. ಆಮೇಲೆ ಹತ್ತು ನಿಮಿಷ ಇಬ್ಬರೂ ಮನಸಾರೆ ಜಗಳಾಡಿದರು. ಹಳೆಯ ಬೈಗುಳಗಳೆಲ್ಲ ಹೊರಗೆ ಬಂದವು. ಕೊನೆಗೆ ಇಬ್ಬರೂ ನಕ್ಕು ಕಣ್ಣೊರೆಸಿಕೊಂಡರು. ಗುರುಬಸವನಿಗೂ ಕಣ್ಣು ತುಂಬಿ ಬಂತು, ಬೇರೆ ಕಾರಣಕ್ಕೆ. ಎಲ್ಲಿ ಹೋಯಿತು ಆ ನಾಲ್ಕು ಸೆಕೆಂಡು? ಒಂದು ಕ್ಷಣವೂ ತಡವಿಲ್ಲ, ಒಂದು ಶಬ್ದವೂ ತಪ್ಪಿಲ್ಲ. ನಿನ್ನೆ ತಾನು ತಿದ್ದಿದ ಒಂದು ಸಾಲಿನ ಮಹಿಮೆ ಎಂದುಕೊಂಡು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಹುಸೇನಮ್ಮ ಯಂತ್ರ ಕಳಚಿ ಚಿನ್ಮಯಿಯ ಕೈಗಿಟ್ಟಳು. ಸಾಯಿಕುಮಾರರು ನಲವತ್ತು ಜೊತೆಗೆ ಆರ್ಡರ್ ಬರೆದು, ಕೆಳಗೆ ಒಂದು ಷರತ್ತು ಸೇರಿಸಿ ಅದನ್ನು ತೆಲುಗಿನಲ್ಲೇ ಗಟ್ಟಿಯಾಗಿ ಓದಿದರು: ಇವತ್ತು ತೋರಿಸಿದ್ದು ಹೇಗಿತ್ತೋ ಎಲ್ಲವೂ ಹಾಗೆಯೇ ಇರಬೇಕು. ಸುಧಾರಣೆ ಗಿಧಾರಣೆ ಏನೂ ಮಾಡಕೂಡದು.

“ಹೌದ್ರೀ,” ಬಾಗಿಲ ಬಳಿಯಿಂದ ಹುಸೇನಮ್ಮ ಹೇಳಿದಳು. “ಹಿಂಗ ಇರ್ಲಿ. ಭಾಳ ಛಲೋ ಐತಿ.”

ಆಟೋ ಹತ್ತಿದ ಕೂಡಲೇ ಗುರುಬಸವ ಫೋನು ತೆಗೆದ. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

“ಉಹೂಂ!” ಎಂದು ಕೂಗಿದ. “ನಿಮ್ಮಣ್ಣಗ ಹೇಳು, ಶಂಶಾಬಾದ್ ಬ್ಯಾಡ! ನಲವತ್ತು ಜೊತಿ ಹೋತು ಸುಮಾ!”

ಆ ಕಡೆಯಿಂದ ಮೂಗು ಸೇದಿದ ಸದ್ದು. “ಖರೇನ್ರೀ? ಹಂಗಾದ್ರ ಲಗೂನ ಬರ್ರಿ. ಹೋಳಿಗಿಗೆ ಬ್ಯಾಳಿ ಇಡ್ತೀನಿ.” ಫೋನಿಡುವ ಮೊದಲು, “ಸೀಟಿ ನಾನ ಎಣಸ್ತೀನಿ,” ಎಂದಳು.

ಗುರುಬಸವ ನಗುತ್ತ ಪಕ್ಕಕ್ಕೆ ತಿರುಗಿದ. ಚಿನ್ಮಯಿ ಕಾರ್ಖಾನೆ ಬಿಟ್ಟಾಗಿನಿಂದ ಚೀಲದೊಳಗೆ ಕೈಯಿಟ್ಟು ಕೂತಿದ್ದಳು.

“ಸರ್, ಬೈಬ್ಯಾಡ್ರಿ,” ಎಂದು ಮುಷ್ಟಿ ಬಿಚ್ಚಿದಳು.

ಎರಡೂ ಯಂತ್ರಗಳಿಗೆ ಹಾಕಬೇಕಿದ್ದ ಸೆಲ್ಲುಗಳು ಇನ್ನೂ ಒಡೆಯದ ಪ್ಯಾಕೆಟ್ಟಿನಲ್ಲೇ ಇದ್ದವು.